ಎಡದ್ದು ಮೇಲೆ

ಬೆಳಿಗ್ಗೆ ಎದ್ದಾಗಿನಿಂದ ಪಾರವ್ವನ ಬಲಗೈ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಲೇ ಇತ್ತು. ಹೊಲಿಗೆಯಲ್ಲಿ ಎಲ್ಲೋ ಎಡವಟ್ಟಾಗಿದ್ದರೆ ಆ ಕೈ ಹೀಗೆ ಆಡುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟಿನಲ್ಲಿ ಹನ್ನೊಂದು ವರ್ಷ ಅಂಗಿಗಳಿಗೆ ಗುಂಡಿಪಟ್ಟಿ ಕೂರಿಸಿದ ಕೈ ಅದು, ಸುದ್ದಿ ಅವಳಿಗಿಂತ ಮೊದಲು ಅದಕ್ಕೇ ತಲುಪುತ್ತದೆ. ಆದರೆ ಇವತ್ತು ಭಾನುವಾರ, ಟಾರ್ಗೆಟ್ ಇಲ್ಲ, ಸೂಪರ್‌ವೈಸರ್ ಇಲ್ಲ, ಜೆ.ಪಿ. ನಗರದ ಈ ಕಲ್ಯಾಣ ಮಂಟಪದ ಬಾಗಿಲಲ್ಲಿ ನೀಲಿ ಕೂದಲಿನ ಹುಡುಗಿಯೊಬ್ಬಳು ಪನ್ನೀರು ಚಿಮುಕಿಸುವ ಜಾಗದಲ್ಲೇ ನಿಂತು ಬಂದವರ ಕೊರಳಿಗೆ ಬಿಲ್ಲೆ ಹಾಕುತ್ತಿದ್ದಾಳೆ. 'ನೀವು ಪಾರ್ಟಿಸಿಪೆಂಟಾ ಆಂಟಿ, ವಿಸಿಟರಾ?' ಎಂದು ಕೇಳಿದಳು. ಪಾರವ್ವ ವೇಷ ಹಾಕಿಕೊಂಡು ಮುಂದೆ ಹೋಗುತ್ತಿದ್ದ ಮೇಲಿನ ಮನೆಯ ಶೈಲಶ್ರೀಯತ್ತ ಕೈಮಾಡಿ, 'ಅಕಿ ಉಟ್ಟಾಳಲ್ಲ, ಅದನ್ನ ಹೊಲದಾಕಿ ನಾನು' ಎಂದಳು. ಹುಡುಗಿ ಡಬ್ಬವನ್ನೆಲ್ಲ ತಡಕಾಡಿದಳು. ಹೊಲಿದವರಿಗೆ ಬಿಲ್ಲೆ ಇರಲಿಲ್ಲ. ಕೊನೆಗೆ 'ಪೋಷಕರು' ಎಂದು ಬರೆದದ್ದೊಂದು ಸಿಕ್ಕಿತು. ಮಕ್ಕಳೇ ಇಲ್ಲದ ಪಾರವ್ವ ಅದನ್ನು ಕೊರಳಿಗೆ ಹಾಕಿಕೊಂಡು, ಅಕ್ಷರದ ಕಡೆ ಒಳಗೆ ತಿರುಗಿಸಿಕೊಂಡು, ಒಳಗೆ ಹೋದಳು.

ಒಳಗೆ ಹೋದವಳಿಗೆ ಬಿಲ್ಲೆಯ ನೆನಪೇ ಹಾರಿಹೋಯಿತು. ಹಸೆಮಣೆ ಹಾಕುವ ವೇದಿಕೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಜಪಾನಿನ ಕಾರ್ಟೂನಿನ ರಾಕ್ಷಸನೊಬ್ಬ ಬಾಯಿ ತೆರೆಯುತ್ತಿದ್ದಾನೆ, ದನಿ ಕೆಳಗೆ ನಿಂತ ದಪ್ಪ ಯುವಕನದು: 'ಲೇ ಮಗಾ, ನಿನ್ ಊರ್ನೇ ನುಂಗ್ಬಿಡ್ತೀನಿ ಕಣೋ.' ಕನ್ನಡದಲ್ಲಿ ದನಿ ಕೊಡುವ ಸ್ಪರ್ಧೆಯಂತೆ. ಸಭೆ ನಕ್ಕು ನಕ್ಕು ಸುಸ್ತಾಗಿದೆ. ಅನಿಮೆ ಎನ್ನುವ ಆ ಕಾರ್ಟೂನುಗಳ ಹುಚ್ಚು ಹತ್ತಿದವರು ಬೆಂಗಳೂರಿನ ಈ ದಿಕ್ಕಿನಲ್ಲಿ ಇಷ್ಟೊಂದು ಜನ ಇದ್ದಾರೆಂದು ಪಾರವ್ವನಿಗೆ ಯಾರು ಹೇಳಿದ್ದರು? ರೆಕ್ಕೆಯವರು, ಬಾಲದವರು, ರಟ್ಟಿನ ಕತ್ತಿಗೆ ಬೆಳ್ಳಿ ಕಾಗದ ಸುತ್ತಿಕೊಂಡವರು, ಚಿತ್ರ ಬರೆದು ಮಾರುವವರು, ಓದಿದ ಪುಸ್ತಕ ಕೊಟ್ಟು ಓದದ ಪುಸ್ತಕ ಒಯ್ಯುವವರು. ಅವಳ ಕಣ್ಣು ಮುಖಗಳನ್ನು ಬಿಟ್ಟು ಬಟ್ಟೆಗಳ ಮೇಲೇ ಓಡಾಡಿತು. ಈ ಕೋಟಿನ ತೋಳು ಎಳೆಯುತ್ತಿದೆ, ಆ ಲಂಗದ ಮಡಿಕೆ ಬಿಡಿಸಿಕೊಳ್ಳುತ್ತದೆ, ಅಗೋ ಆ ಹುಡುಗನ ಕಾಲರ್ ಮಾತ್ರ ಬಂಗಾರದಂಥ ಕೈಯಿಂದ ಬಂದದ್ದು. ಇಷ್ಟೆಲ್ಲದರ ನಡುವೆ ತಾನು ಹೊಲಿದದ್ದು ನಡೆದುಹೋಗುತ್ತಿದೆ, ಜನ ತಿರುಗಿ ನೋಡುತ್ತಿದ್ದಾರೆ, ಫೋನು ಎತ್ತುತ್ತಿದ್ದಾರೆ. ಅವಳಿಗೆ ಕುಣಿಯಬೇಕೆನ್ನಿಸಿತು. ಮೂವತ್ತೊಂಬತ್ತು ವರ್ಷದ ಹೆಂಗಸು ಕಲ್ಯಾಣ ಮಂಟಪದಲ್ಲಿ ಕುಣಿದರೆ ಇವತ್ತೊಂದು ದಿನವಾದರೂ ಯಾರೂ ಕೇಳುತ್ತಿರಲಿಲ್ಲ, ಆದರೂ ಸುಮ್ಮನಿದ್ದಳು.

ಹೊರಗಿನವರಿಗೆ ಇದು ತಿಳಿಯುವುದಿಲ್ಲ: ಗಾರ್ಮೆಂಟಿನಲ್ಲಿ ಯಾರೂ ಅಂಗಿ ಹೊಲಿಯುವುದಿಲ್ಲ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಒಬ್ಬಳು ತೋಳು, ಒಬ್ಬಳು ಜೇಬು. ಪಾರವ್ವನದು ಗುಂಡಿಪಟ್ಟಿ. ಗಂಟೆಗೆ ಅರವತ್ತು, ಎಪ್ಪತ್ತು, ಅವಸರದ ಆರ್ಡರ್ ಇದ್ದರೆ ತೊಂಬತ್ತು. ಅಂಗಿ ಅವಳ ಮುಂದೆ ಅರೆಬರೆಯಾಗಿ ಬಂದು ಅರೆಬರೆಯಾಗಿಯೇ ಮುಂದೆ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲಿನಿಂದ ಕೊನೆಯವರೆಗೆ ಅವಳೇ ಹೊಲಿದ ಬಟ್ಟೆ ಎಂದರೆ ಇದೊಂದೇ, ಶೈಲಶ್ರೀಯ ಮೈಮೇಲಿರುವ ಈ ಕಿಮೋನೊ, ಜಪಾನಿನವರು ಎದೆಯ ಮೇಲೆ ಒಂದರ ಮೇಲೊಂದು ಮಡಿಸಿ ಉಡುವ ನಿಲುವಂಗಿ. ಬಿಟಿಎಮ್‌ನಲ್ಲಿ ಪಾರವ್ವ ಇರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ, ಕುಷ್ಟಗಿ ಕಡೆಯವಳು, ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುತ್ತಾಳೆ. ಅವಳೇ ಹುಟ್ಟಿಸಿದ ಪಾತ್ರವಂತೆ: ಬನಶಂಕರಿ ಗುಡಿಯ ಮುಂದೆ ನಿಂಬೆಹಣ್ಣಿನ ದೀಪ ಮಾರುವ ಹುಡುಗಿ, ರಾಹುಕಾಲ ಶುರುವಾದರೆ ತಟ್ಟೆ ಹಿಡಿದು ರಾಕ್ಷಸರ ಬೇಟೆಗೆ ಹೊರಡುತ್ತಾಳೆ. ಇಲ್ಲಿನ ವೇಷದ ಸ್ಪರ್ಧೆಯಲ್ಲಿ ಸ್ವಂತ ಪಾತ್ರದ ವಿಭಾಗಕ್ಕೆ ಹೆಸರು ಕೊಟ್ಟಿದ್ದಳು. ಬಟ್ಟೆಗೆ ಏನು ಮಾಡೋದಕ್ಕ ಎಂದು ಬಂದು ಕೂತಾಗ ಪಾರವ್ವ, ಯಾವ ಗಾಳಿ ಹೊಕ್ಕಿತೋ ಏನೋ, ಪೆಟ್ಟಿಗೆಯಿಂದ ತನ್ನ ಇಳಕಲ್ ಸೀರೆ ತೆಗೆದು ಕತ್ತರಿ ಹಾಕಿದ್ದಳು. ಮೈಯೆಲ್ಲ ನೀಲಿ ನೂಲು, ಸೆರಗು ಕೆಂಪು ರೇಷ್ಮೆ. ಆ ಸೆರಗನ್ನು ಎದೆಯ ಮೇಲೆ ಓರೆಯಾಗಿ ಬರುವ ಮುಂಭಾಗಕ್ಕೆ ಕೂರಿಸಿ, ಓಡಿದರೂ ಬಿಚ್ಚಿಕೊಳ್ಳದಂತೆ ಒಳಗೆ ಟಿಚ್ ಬಟನ್ ಹಾಕಿದ್ದಳು.

ಸ್ಪರ್ಧೆಗೆ ಇನ್ನೂ ಎರಡು ಗಂಟೆ ಇತ್ತು. ಶೈಲಶ್ರೀಯನ್ನು ಫೋಟೋದವರು ಮುತ್ತಿಕೊಂಡಿದ್ದರು. ಪಾರವ್ವ ಊಟದ ಹಾಲಿನ ಕಡೆ ಹೋಗುವ ಓಣಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಸಿಕ್ಕಿಸಿ ತೂಗಬಿಟ್ಟ ಫೋಟೋಗಳನ್ನು ನೋಡುತ್ತ ನಡೆದಳು. 'ನಮ್ಮ ಕೂಟದ ಒಂಬತ್ತು ವರ್ಷ' ಎಂದು ಮೇಲೆ ಬರೆದಿತ್ತು. ಮೊದಲನೆಯ ವರ್ಷ ಜಯನಗರದ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆ, ಹದಿನಾಲ್ಕು ಜನ, ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಸಿನಿಮಾ ಬಿಟ್ಟುಕೊಂಡಿದ್ದಾರೆ. ಎರಡನೆಯದು ಗಿರಿನಗರದ ಟ್ಯೂಷನ್ ಹಾಲು, ಹಿಂದಿನ ಬೋರ್ಡಿನಲ್ಲಿ ಯಾರದೋ ಲೆಕ್ಕ ಅಳಿಸದೆ ಉಳಿದಿದೆ. ಮೂರನೆಯದು ಬನಶಂಕರಿಯ ಒಂದು ಛತ್ರ, ಅರ್ಧದಲ್ಲಿ ಕೂಟ, ಇನ್ನರ್ಧದಲ್ಲಿ ಯಾರದೋ ಮಗುವಿನ ನಾಮಕರಣ; ಒಂದು ಫೋಟೋದಲ್ಲಿ ಆ ಕಡೆಯ ಅಜ್ಜಿ ಈ ಕಡೆಯ ಬೆಕ್ಕಿನ ಕಿವಿ ಹಾಕಿಕೊಂಡು ಕೂತಿದ್ದಾಳೆ. ಕೊರೊನಾದ ಎರಡು ವರ್ಷ ಅವರವರ ಮನೆಯ ಬೀರುಗಳ ಮುಂದೆ ವೇಷ ಹಾಕಿ ನಿಂತವರ ಸಣ್ಣ ಸಣ್ಣ ಚೌಕಗಳು. ಪಾರವ್ವನಿಗೆ ಈ ಗುರುತಿಲ್ಲದವರ ಮೇಲೆಲ್ಲ ಅಕ್ಕರೆ ಉಕ್ಕಿತು. ಮತ್ತೆ ಹಿಂದೆ ಬಂದು ಛತ್ರದ ಗುಂಪಿನ ಚಿತ್ರ ನೋಡಿದಳು, ಏಕೆಂದರೆ ಅದರ ಮುಂದೆ ಹಾದಾಗಲೇ ಹೆಬ್ಬೆರಳು ಉಜ್ಜುವುದನ್ನು ನಿಲ್ಲಿಸಿತ್ತು.

ಹನ್ನೊಂದು ಜನ ಕಿಮೋನೊ ಉಟ್ಟು ಸಾಲಾಗಿ ನಿಂತಿದ್ದರು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: 'ಹನ್ನೊಂದು ಜನ, ಹನ್ನೊಂದೂ ತಪ್ಪು. ಕಿಮೋನೊದಲ್ಲಿ ಗಂಡಾಗಲಿ ಹೆಣ್ಣಾಗಲಿ ಎಡಗಡೆಯದೇ ಮೇಲೆ ಬರಬೇಕು. ಬಲದ್ದು ಮೇಲೆ ಬಂದರೆ ಹೆಣಕ್ಕೆ ಉಡಿಸಿದಂತೆ. ತಿಳಿಸಿಕೊಟ್ಟವರು ಜಪಾನಿ ಭಾಷೆಯ ಮೇಡಂ ಲಕ್ಷ್ಮಿದೇವಮ್ಮನವರು. ಅಂದಿನಿಂದ ಅವರೇ ನಮ್ಮ ತೀರ್ಪುಗಾರರು.' ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಯಾರೋ ಪಕ್ಕದಲ್ಲಿ ಬರೆದು ನಗುವ ಮುಖ ಬಿಡಿಸಿದ್ದರು. ಪಾರವ್ವ ಎರಡು ಸಲ ಓದಿದಳು. ಓಣಿಯ ತುದಿಯಿಂದ ಶೈಲಶ್ರೀಯನ್ನು ನೋಡಿದಳು. ಕೆಂಪು ಸೆರಗು ಹುಡುಗಿಯ ಬಲಗಡೆಯಿಂದ ಬಂದು ಎಡಗಡೆಯ ನೀಲಿಯನ್ನು ಮುಚ್ಚಿಕೊಂಡು, ಬಹಳ ಚೆನ್ನಾಗಿ ಹೊಳೆಯುತ್ತಿತ್ತು.

ಗಂಡಸರ ಅಂಗಿಗೆ ಎಡದ್ದು ಮೇಲೆ, ಹೆಂಗಸರದಕ್ಕೆ ಬಲದ್ದು ಮೇಲೆ. ಗಾರ್ಮೆಂಟಿಗೆ ಸೇರಿದ ಮೊದಲ ದಿನ ಕಲಿಸುವ ಪಾಠ. ಶೈಲಶ್ರೀ ಫೋನಿನಲ್ಲಿ ಎಷ್ಟು ಚಿತ್ರ ತೋರಿಸಿದ್ದಳು. ಪಾರವ್ವ ತೋಳಿನ ಅಗಲ ನೋಡಿದ್ದಳು, ನಡುಪಟ್ಟಿ ನೋಡಿದ್ದಳು, ಯಾವುದರ ಮೇಲೆ ಯಾವುದು ಎಂದು ಮಾತ್ರ ನೋಡಿರಲಿಲ್ಲ. ಅದು ನೋಡುವ ವಿಷಯವೇ ಅಲ್ಲ, ಹೆಣ್ಣಿಗೆಂದರೆ ಕೈ ತಾನಾಗಿ ಬಲಕ್ಕೆ ಹೋಗುತ್ತದೆ. ಆರು ವರ್ಷದ ಹಿಂದೆ ಒಂದು ದಿನ ಗಾರ್ಮೆಂಟಿನಲ್ಲೂ ಹಾಗೇ ಹೋಗಿತ್ತು. ಮಧ್ಯಾಹ್ನದವರೆಗೆ ಹೆಂಗಸರ ಅಂಗಿ, ಊಟದ ಮೇಲೆ ಅದೇ ಬಣ್ಣದ ಗಂಡಸರ ಅಂಗಿ, ಕೂಗಿ ಹೇಳಿದ್ದರು, ಪಾರವ್ವನ ಕಿವಿಗೆ ಬಿದ್ದಿತ್ತು, ಕೈಗೆ ಬಿದ್ದಿರಲಿಲ್ಲ. ಎರಡು ಬಂಡಲ್ ಉಲ್ಟಾ ಹೋದವು. ಅದೇ ಕೆಲಸಕ್ಕೆ ಪಕ್ಕದ ಮಷೀನಿನಲ್ಲಿ ಕೂತಿದ್ದವಳು ಮುನಿಲಕ್ಷ್ಮಮ್ಮ, ಬೊಮ್ಮನಹಳ್ಳಿಯವಳೇ, ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ, ಊಟದ ಡಬ್ಬಿಯಲ್ಲಿ ಪಾರವ್ವನಿಗೆಂದೇ ಒಂದು ಮುದ್ದೆ ಹೆಚ್ಚಿಗೆ ತರುತ್ತಿದ್ದಳು. ತಪ್ಪು ಅವಳದೇ ಎಂದು ತಿಳಿದು ಸೂಪರ್‌ವೈಸರ್ ಆ ಅಂಗಿಗಳನ್ನು ಮುನಿಲಕ್ಷ್ಮಮ್ಮನ ತೊಡೆಯ ಮೇಲೆ ಎಸೆದ. ಬಾಯಿಗೆ ಬಂದದ್ದೆಲ್ಲ ಅಂದ. ಲೈನಿನ ಮೂವತ್ತು ಮಷೀನುಗಳೂ ನಿಂತವು, ಪಾರವ್ವನದು ಮಾತ್ರ ನಿಲ್ಲಲಿಲ್ಲ, ಅವಳು ಸೂಜಿಯನ್ನೇ ನೋಡುತ್ತ ಹೊಲಿಯುತ್ತ ಹೋದಳು, ಏನು ಹೊಲಿದಳೆಂದು ಇವತ್ತಿಗೂ ನೆನಪಿಲ್ಲ. ಮುನಿಲಕ್ಷ್ಮಮ್ಮ ಎದ್ದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಷೀನಿನ ಮೇಲಿಟ್ಟು ಹೊರಗೆ ಹೋದವಳು ಮತ್ತೆ ಬರಲಿಲ್ಲ. ಆರು ವರ್ಷ. ಈಗ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ದಿನಕ್ಕೊಂದು ರವಿಕೆಯ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾಳೆ, ಪಾರವ್ವ ದಿನವೂ ನೋಡುತ್ತಾಳೆ. ನೋಡಿದವರ ಪಟ್ಟಿಯಲ್ಲಿ ತನ್ನ ಹೆಸರು ದಿನವೂ ಅವಳಿಗೆ ಕಾಣುತ್ತದೆ ಎನ್ನುವುದೂ ಗೊತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದಿನಕ್ಕೊಂದು ಸಲ ಹೆಗಲು ಮುಟ್ಟಿಕೊಳ್ಳುವುದೇ ಅವಳ ಆರು ವರ್ಷದ ಪೂಜೆ.

ಸುಮ್ಮನಿದ್ದರಾಯಿತು: ಇವತ್ತೂ ಮೊದಲು ಅನ್ನಿಸಿದ್ದು ಅದೇ. ಹುಡುಗಿ ಇಷ್ಟು ಖುಷಿಯಲ್ಲಿದ್ದಾಳೆ. ವೇದಿಕೆಯ ಮೇಲೆ ತಪ್ಪು ಸಿಕ್ಕಿದರೂ ನಿಲ್ಲುವವಳು ಅವಳು, ತಾನು ಜನರ ನಡುವೆ ಕೂತಿರುತ್ತೇನೆ, ಬಿಲ್ಲೆಯಲ್ಲಿ 'ಪೋಷಕರು' ಎಂದಿದೆ. ಹೀಗೆ ಅಂದುಕೊಳ್ಳುತ್ತಿದ್ದ ಹಾಗೆಯೇ ಮುನಿಲಕ್ಷ್ಮಮ್ಮನ ತೊಡೆಯ ಮೇಲೆ ಅಂಗಿಗಳು ಬಿದ್ದ ಸದ್ದು ಮತ್ತೆ ಕೇಳಿಸಿತು. ಕಾಲುಗಳು ನಡೆದೇಬಿಟ್ಟವು.

'ಶೈಲಾ, ಒಂದೀಟು ಈ ಕಡೆ ಬಾ.'

'ತಡಿಯಕ್ಕ, ಇನ್ನೊಂದ್ ಫೋಟೋ.'

'ಫೋಟೋ ಸಾಕು. ನಾ ತಪ್ಪ ಹೊಲದೀನಿ.'

ಹಗ್ಗದ ಮುಂದೆ ನಿಲ್ಲಿಸಿ ಓದಿಸಿದಳು. ಶೈಲಶ್ರೀ ಫೋಟೋ ನೋಡಿದಳು, ತನ್ನ ಎದೆ ನೋಡಿಕೊಂಡಳು, ಕೈಯಲ್ಲಿದ್ದ ನಿಂಬೆದೀಪದ ತಟ್ಟೆ ವಾಲಿತು. 'ಮುಂಜಾನಿಂದ ಎಷ್ಟ್ ಮಂದಿ ಫೋಟೋ ತಗೊಂಡಾರಕ್ಕ' ಎಂದಳು. ಆಮೇಲೆ ಥಟ್ಟನೆ ಮುಖ ಅರಳಿತು. 'ಒಂದ್ ಕೆಲಸ ಮಾಡೂಣು. ಕೇಳಿದ್ರ ಇಕಿ ಸತ್ತಾಕಿ, ದೆವ್ವ ಅಂತ ಹೇಳ್ತೀನಿ. ಪಾತ್ರ ನಂದೇ ಅಲ್ಲ, ನಾ ಹೇಳಿದ್ದೇ ಖರೆ. ಯಾರಿಗೆ ಗೊತ್ತಾಗತೈತಿ?'

ಪಾರವ್ವ ಒಂದು ಗಳಿಗೆ ಆ ಸುಳ್ಳನ್ನು ಮೆಚ್ಚಿ ನೋಡಿದಳು. ಎಲ್ಲೂ ಒಂದು ಎಳೆ ಜೋತಿರಲಿಲ್ಲ, ಯಾರಿಗೂ ನೋವಿಲ್ಲ, ತನಗೆ ಬಿಡುಗಡೆ. ಆದರೆ ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಈ ಹುಡುಗಿ ತನ್ನ ಮಷೀನಿನ ಪಕ್ಕ ಕೂತು ಆ ದೀಪದವಳ ಕಥೆ ಹೇಳುತ್ತಿದ್ದದ್ದು, ಅವಳು ಯಾವ ರಾಕ್ಷಸನಿಗೂ ಸೋಲದೆ ಮನೆಗೆ ಬಂದು ಅಮ್ಮನ ಕೈಯ ರೊಟ್ಟಿ ತಿನ್ನುತ್ತಿದ್ದದ್ದು, ಅದೆಲ್ಲ?

'ಬ್ಯಾಡ,' ಎಂದಳು. 'ದೀಪ ಹಚ್ಚಾಕಿನ್ನ ಸಾಯಿಸಿ ನನ್ನ ಉಳಿಸಬ್ಯಾಡ. ತಗಿ ಅದನ್ನ. ಬಿಚ್ಚಿ ಹೊಲಿತೀನಿ.'

ಊಟದ ಹಾಲಿನ ಮೂಲೆಯಲ್ಲಿ ರಿಪೇರಿ ಮೇಜು ಎಂದೊಂದು ಇತ್ತು. ಮುರಿದ ಕತ್ತಿ, ಕಿತ್ತ ರೆಕ್ಕೆ, ಉದುರಿದ ಕೊಂಬು ಎಲ್ಲ ಅಲ್ಲಿಗೆ ಬರಬೇಕು. ಅಂಟು, ಪಿನ್ನು, ದಾರ ಹರಡಿಕೊಂಡು ಕೂತಿದ್ದವರು ವಿಲ್ಸನ್ ಗಾರ್ಡನ್‌ನ ತಿಮ್ಮಕ್ಕ, ಕೂಟ ಕಟ್ಟಿದ ಹದಿನಾಲ್ಕು ಜನರಲ್ಲಿ ಒಬ್ಬನ ತಾಯಿ. ಮಗ ಹಾಳಾಗಿ ಹೋಗುತ್ತಿದ್ದಾನೆಂದು ಮೊದಲ ವರ್ಷ ಹಿಡಿದೊಯ್ಯಲು ಬಂದವರು, ಯಾರದೋ ತೋಳು ಹರಿದಿತ್ತೆಂದು ಹೊಲಿದುಕೊಟ್ಟು, ಎರಡನೆಯ ವರ್ಷದಿಂದ ತಮ್ಮ ಕೈಮಷೀನನ್ನೇ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದಾರೆ. ಪಾರವ್ವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವರು ಕನ್ನಡಕದ ಮೇಲಿಂದ ನೋಡಿ, 'ಟೈಮ್ ಎಷ್ಟಿದೆ?' ಎಂದರು.

'ಒಂದು ತಾಸು ಹತ್ತು ನಿಮಿಷ.'

'ಹಂಗಾರೆ ಬಿಚ್ಚು ಮೊದ್ಲು. ಆಮೇಲ್ ಬೇಕಾದ್ರೆ ಇಬ್ರೂ ಕೂತ್ಕೊಂಡ್ ಅಳೋಣ.'

ಶೈಲಶ್ರೀ ತಿಮ್ಮಕ್ಕನ ಶಾಲು ಹೊದ್ದು ಮೇಜಿನ ಹಿಂದೆ ಕೂತಳು. ಪಾರವ್ವ ಬ್ಲೇಡು ಹಿಡಿದಳು. ಆಮೇಲೆ ನಡೆದದ್ದನ್ನು ಅವಳು ಯಾರಿಗೂ ಸರಿಯಾಗಿ ಹೇಳಲಾರಳು. ಗಾರ್ಮೆಂಟಿನಲ್ಲಿ ಕೊನೆಯ ಗಂಟೆಯಲ್ಲಿ ಕೆಟ್ಟ ಪೀಸುಗಳು ತಿರುಗಿ ಬಂದಾಗ ಮೈಯಲ್ಲಿ ಏಳುವ ಆ ವೇಗ, ಅಲ್ಲಿ ಅದು ಹೆದರಿಕೆಯಿಂದ ಏಳುತ್ತಿತ್ತು; ಇಲ್ಲಿ ಯಾವುದರಿಂದ ಏಳುತ್ತಿತ್ತೋ, ಅವಳಿಗೆ ನಗು ಬರುತ್ತಿತ್ತು. ಬಲದಿಂದ ಕೆಂಪನ್ನು ಬಿಡಿಸಿದಳು, ಎಡಕ್ಕೆ ತಿರುಗಿಸಿದಳು, ಕೊರಳಿನ ಓರೆ ಹೊಂದಲಿಲ್ಲ, ಎರಡು ಬೆರಳು ಒಳಗೆ ತೆಗೆದುಕೊಂಡಳು, ಹೊಂದಿತು. ತಿಮ್ಮಕ್ಕ ಹಿಡಿ ತಿರುಗಿಸಿದರು, ಪಾರವ್ವ ಸೂಜಿಯ ಕೆಳಗೆ ಬಟ್ಟೆ ಬಿಟ್ಟಳು. 'ನಿಧಾನ ಕಣವ್ವ, ನಂದು ನಲವತ್ತು ವರ್ಷದ ಮಷೀನು' ಎಂದವರು ಐದು ನಿಮಿಷಕ್ಕೆ ತಾವೇ ತಾಳ ಹಾಕಿದಂತೆ ತಿರುಗಿಸತೊಡಗಿದರು. ಮುರಿದ ಕೊಂಬು ಹಿಡಿದು ಬಂದವರು ಕೊಂಬು ಮರೆತು ಸುತ್ತ ನಿಂತರು. ಯಾರೋ ಫೋನಿನ ಬೆಳಕು ಹಿಡಿದರು. ಟಿಚ್ ಬಟನ್‌ಗಳನ್ನು ಕಿತ್ತು ಇನ್ನೊಂದು ಕಡೆಗೆ ಹಾಕಿ ಹಲ್ಲಿನಿಂದ ದಾರ ಕಚ್ಚಿದಾಗ ಏಳು ನಿಮಿಷ ಉಳಿದಿತ್ತು. ಆಗ ಕಂಡಿತು. ಸೆರಗಿನ ಮೇಲೆ, ಹಳೆಯ ಹೊಲಿಗೆ ಇದ್ದ ಕಡೆ, ತೂತುಗಳ ಸಾಲು. ಹತ್ತಿಯಾಗಿದ್ದರೆ ನೀರು ಚಿಮುಕಿಸಿ ಉಗುರಿನಿಂದ ತೀಡಿದರೆ ಮುಚ್ಚಿಕೊಳ್ಳುತ್ತಿತ್ತು, ಇದು ರೇಷ್ಮೆ. ಎಷ್ಟು ತೀಡಿದರೂ ಎದೆಯ ಮೇಲೆ ಇರುವೆ ಸಾಲಿನಂತೆ ಹಾಗೇ ಉಳಿಯಿತು. 'ಇರ್ಲಿ ಬಿಡು' ಎಂದರು ತಿಮ್ಮಕ್ಕ. ಅಷ್ಟರಲ್ಲಿ ಮೈಕಿನಲ್ಲಿ ಶೈಲಶ್ರೀಯ ಹೆಸರು ಕೂಗಿದರು.

ಹೊಲಿದವರೂ ಜೊತೆಗೆ ಬರಬೇಕೆಂದು ಕೂಗಿದಾಗ ಪಾರವ್ವನಿಗೆ ತಾನೆಂದು ಹೊಳೆಯಲಿಲ್ಲ. ತಿಮ್ಮಕ್ಕ ಬೆನ್ನಿಗೆ ಕೈ ಹಾಕಿ ನೂಕಿದರು. ವೇದಿಕೆಯ ದೀಪದಲ್ಲಿ ಜನರ ಮುಖ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಇತ್ತು. ಲಕ್ಷ್ಮಿದೇವಮ್ಮ ಎಪ್ಪತ್ತರ ಹತ್ತಿರದ, ಸಣ್ಣ ಜೀವದ ಹೆಂಗಸು, ಮೈಸೂರು ರೇಷ್ಮೆ ಸೀರೆ, ಕನ್ನಡಕಕ್ಕೆ ಸರ. ಪಾರವ್ವನ ಕೊರಳಿನ ಬಿಲ್ಲೆ ತಿರುಗಿಸಿ ಓದಿ, 'ತಾಯಿನಾ ನೀವು?' ಎಂದರು.

'ಅಲ್ರಿ. ಹೊಲದಾಕಿ.'

ಅವರು ಶೈಲಶ್ರೀಯ ಸುತ್ತ ಒಂದು ಸುತ್ತು ಬಂದರು, ತೋಳು ನೋಡಿದರು, ಎಡ ಮೇಲಿರುವುದನ್ನು ನೋಡಿ ತಲೆಯಾಡಿಸಿದರು, ಆಮೇಲೆ ಬೆರಳು ಸೆರಗಿನ ಮೇಲೆ ಬಂದು ನಿಂತಿತು. 'ಇದೇನು, ತೂತಿನ ಸಾಲು?'

'ಅದು ಡಿಸೈನ್ ಮೇಡಂ—' ಎಂದು ಶೈಲಶ್ರೀ ಶುರು ಮಾಡಿದ್ದಳು. ಪಾರವ್ವ ಮೈಕನ್ನು ಅವಳ ಕೈಯಿಂದ ತೆಗೆದುಕೊಂಡಳು. ಜೀವಮಾನದಲ್ಲಿ ಮೈಕು ಹಿಡಿದದ್ದು ಅದೇ ಮೊದಲು. ಅದು ಅಂದುಕೊಂಡದ್ದಕ್ಕಿಂತ ಭಾರ ಇತ್ತು. 'ಡಿಸೈನ್ ಅಲ್ರಿ. ನನ್ನ ತಪ್ಪು' ಎಂದಳು, ದನಿ ಗೋಡೆಗಳಿಗೆಲ್ಲ ಬಡಿದು ತನಗೇ ತಿರುಗಿ ಕೇಳಿಸಿತು. 'ನಾ ಗಾರ್ಮೆಂಟ್‌ನ್ಯಾಗ ಗುಂಡಿಪಟ್ಟಿ ಹೊಲಿಯಾಕಿ. ಹೆಣಮಕ್ಕಳ ಅಂಗಿಗೆ ಬಲದ್ದು ಮ್ಯಾಲ ಬರತೈತಿ. ಕೈ ಹಂಗೇ ಹೋತು. ಸತ್ತವರಿಗೆ ಉಡಿಸಿದಂಗ ಹೊಲದಿದ್ದೆ. ಇಲ್ಲಿ ಬಂದ ಮ್ಯಾಲ ಫೋಟೋ ನೋಡಿ ತಿಳೀತು. ಈಗ ಒಂದ್ ತಾಸಿನ್ಯಾಗ ಬಿಚ್ಚಿ ಹೊಲದೀನಿ. ತೂತು ಉಳದಾವು. ತಪ್ಪು ನಂದು, ಈ ಹುಡುಗೀದಲ್ಲ.'

ಕತ್ತಲೆಯಲ್ಲಿ ಯಾರೋ ಕಿಸಕ್ಕೆಂದರು. ಲಕ್ಷ್ಮಿದೇವಮ್ಮ ನಗಲಿಲ್ಲ. ಬೆರಳನ್ನು ಆ ಸಾಲಿನ ಉದ್ದಕ್ಕೂ ಒಯ್ದು ಕೊನೆಯಲ್ಲಿ ನಿಲ್ಲಿಸಿದರು. 'ಮೂರನೇ ವರ್ಷ ಹನ್ನೊಂದು ಜನಕ್ಕೆ ಇದನ್ನೇ ಹೇಳ್ದೆ,' ಎಂದರು ತಮ್ಮ ಮೈಕಿನಲ್ಲಿ. 'ಹನ್ನೊಂದು ಜನಾನೂ, ಮುಂದಿನ್ ವರ್ಷ ಸರಿ ಮಾಡ್ಕೋತೀವಿ ಮೇಡಂ ಅಂದ್ರು. ಅಲ್ಲೇ ಕೂತು ಬಿಚ್ಚಿದೋರು ಇವರೇ ಮೊದಲು.' ಹಿಂದಿನ ಸಾಲಿನಲ್ಲಿ ಆ ಹನ್ನೊಂದರಲ್ಲಿ ಕೆಲವರಿರಬೇಕು, ಹೋ ಎಂದು ಕೂಗಿ ಚಪ್ಪಾಳೆ ಶುರುಮಾಡಿದರು. ಆ ಚಪ್ಪಾಳೆ ಸಭೆಯಿಡೀ ಹಬ್ಬಿತು. ಶೈಲಶ್ರೀ ದೀಪದ ತಟ್ಟೆ ಎತ್ತಿ ರಾಹುಕಾಲಕ್ಕೆ ಹೊರಟವಳ ಹಾಗೆ ಒಂದು ನೆಗೆತ ನೆಗೆದಳು. ಟಿಚ್ ಬಟನ್ ಒಂದೂ ಬಿಚ್ಚಲಿಲ್ಲ. ಪಾರವ್ವ ಅದನ್ನು ಮಾತ್ರ ನೋಡಿದಳು.

ಬಹುಮಾನ ನಾಲ್ಕು ಗಂಟೆಗೆ ಹೇಳುತ್ತಾರಂತೆ. ಅವಳಿಗೆ ಕಾಯಲು ಪುರುಸೊತ್ತಿರಲಿಲ್ಲ. ಹಿಂಬಾಗಿಲ ಮೆಟ್ಟಿಲ ಹತ್ತಿರ, ಅಡುಗೆಯವರ ಪಾತ್ರೆಗಳ ಪಕ್ಕ, ನಿಂತುಕೊಂಡಳು. ಅಷ್ಟೂ ಜನರ ಮುಂದೆ ಬಾಯಿಂದ ಬಂದ ಮಾತು ಒಬ್ಬಳಿಗೆ ಹೇಳಲು ಯಾಕೆ ಬರುವುದಿಲ್ಲ? ಫೋನು ತೆಗೆದು ಮುನಿಲಕ್ಷ್ಮಮ್ಮನ ಹೆಸರು ಒತ್ತಿದಳು. ಆ ಕಡೆ ಮೊದಲು ಕೇಳಿಸಿದ್ದು ಮಷೀನಿನ ಸದ್ದು.

'ಹಲೋ.'

'ಮುನಿಲಕ್ಷ್ಮಿ, ನಾನು ಪಾರವ್ವ.'

ಮಷೀನು ನಿಂತಿತು. 'ಹೇಳು.'

'ಆವತ್ತಿನ ಎರಡು ಬಂಡಲ್ ನಾ ಹೊಲದದ್ದು.'

ಈ ಕಡೆ ಒಳಗಿನಿಂದ ಮತ್ತೊಬ್ಬ ರಾಕ್ಷಸ ಕನ್ನಡದಲ್ಲಿ ಗರ್ಜಿಸಿದ. ಪಾರವ್ವ ಫೋನನ್ನು ಕಿವಿಗೆ ಎಷ್ಟು ಒತ್ತಿಕೊಂಡಿದ್ದಳೆಂದರೆ ಕಿವಿ ನೋಯುತ್ತಿತ್ತು.

'ಆರು ವರ್ಷ ದಿನಾ ನನ್ ಸ್ಟೇಟಸ್ ನೋಡ್ತೀಯ,' ಎಂದಳು ಮುನಿಲಕ್ಷ್ಮಮ್ಮ. 'ಇವತ್ತ್ ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನಾನೂ ನೋಡ್ದೆ. ಈ ಒಂದ್ ಮಾತ್ ಬರೋಕೆ ಇಷ್ಟ್ ದಿನ ಬೇಕಾಯ್ತೇನೆ ನಿಂಗೆ?'

'ಹೂಂ.'

'ಏನ್ ಹೂಂ. ಫೋನಲ್ಲಿ ಬೈದ್ರೆ ನಂಗ್ ಸಮಾಧಾನ ಆಗಲ್ಲ. ಎಲ್ಲಿದೀಯ ಈಗ? ಅದೇನದು ಗಲಾಟೆ? ಎಲ್ಲಿದ್ರೂ ಸರಿ, ಅಡ್ರೆಸ್ ಹೇಳು. ಬಂದು ಎದ್ರಿಗೇ ಬೈತೀನಿ.'

ಪಾರವ್ವನ ಎದೆಯೊಳಗೆ ಬೆಳಗಿನಿಂದ ಕುಣಿಯಬೇಕೆಂದು ಕಾಯುತ್ತಿದ್ದದ್ದು ಈಗ ಕುಣಿಯಿತು. ಆದರೂ ಅವಳು ಗಡಿಬಿಡಿ ಮಾಡಲಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಇಳಿ, ಬನಶಂಕರಿ ಕಡೆಯ ಬಸ್ ಹತ್ತು, ಸಾರಕ್ಕಿ ಸಿಗ್ನಲ್ ಅಂತ ಕಂಡಕ್ಟರಿಗೆ ಮೊದಲೇ ಹೇಳಿಟ್ಟಿರು, ಇಳಿದ ಕೂಡಲೆ ಎಡಕ್ಕೆ ನೋಡು, ಕೊಂಬಿನವರು ಬಾಲದವರು ಹೋಗುತ್ತಿರುತ್ತಾರೆ, ಹೆದರಬೇಡ, ಅವರ ಹಿಂದೆಯೇ ಬಾ, ಸಂಜೆ ಆರರ ತನಕ ಇರುತ್ತೇನೆ. ಬೈಯಲು ಬರುವವಳು ಎಲ್ಲಿಯೂ ದಾರಿ ತಪ್ಪಬಾರದೆಂದು, ಒಂದು ತಿರುವನ್ನೂ ಬಿಡದೆ, ಎರಡೆರಡು ಸಲ ಹೇಳಿದಳು.